ಮೂರು ಸಲ ಸತ್ತ ಮೊಟ್ಟೆ ಫಾರಂ

ಜಂಗಮವಾಣಿಯೇ ಜಗವನ್ನಾಳುವ, ಕಣ್ಣಾರೆ ಕಂಡದ್ದಕ್ಕಿಂತ ಕಳಿಸಿದ ಫೋಟೋವೇ ಪರಮಪ್ರಮಾಣವೆನಿಸಿದ ಈ ಪುಣ್ಯಯುಗದಲ್ಲಿ, ಕೋಡಿಹಾಳದ ಅಂಗನವಾಡಿಯೆಂಬ ಏಕಕೊಠಡಿಸಾಮ್ರಾಜ್ಯದ ಅಧೀಶ್ವರಿಯೂ ಶಿಶುಕೋಲಾಹಲಸಹಿಷ್ಣುವೂ ಉಪ್ಪಿಟ್ಟುವಿತರಣಧುರಂಧರೆಯೂ ಆದ ನಿಂಬೆವ್ವ ಹಾದಿಮನಿಯ ಶೌರ್ಯವನ್ನು, ಎಲೈ ಸಜ್ಜನರೇ, ಸಾವಧಾನಚಿತ್ತದಿಂದ ಆಲಿಸಿ.

ಮೊಟ್ಟೆ ಹಿಡಿದ ಹನ್ನೊಂದು ಮಕ್ಕಳ ಫೋಟೋ ಹನ್ನೊಂದು ಗಂಟೆಯೊಳಗೆ ಹಾಜರಾತಿ ಆ್ಯಪಿಗೆ ಏರದಿದ್ದರೆ ಕೇಂದ್ರ ಅಂದು ಮುಚ್ಚಿತ್ತೆಂದೇ ತೀರ್ಮಾನ. ಮುಂದಿನ ವಾರ ಮಕ್ಕಳಿಗೆ ಮೊಟ್ಟೆಯಿಲ್ಲ. ಹತ್ತೂಕಾಲಿಗೆ ನಿಂಬೆವ್ವ ಆ್ಯಪನ್ನು ಮುಟ್ಟಿದಳು.

ಒಡನೆಯೇ ಫೋನಿನ ಪಾತಾಳದಲ್ಲಿ, ಅದು ಎಚ್ಚೆತ್ತ ಗಳಿಗೆಯಿಂದಲೂ ಸಕಲಸಾಮಗ್ರಿಸಹಿತಳಾಗಿ ಕಾದಿದ್ದ, ಎಲ್ಲ ಆ್ಯಪುಗಳಿಗೂ ಮೂಲತಂತ್ರಾಂಶವಾದ ಆದಿಮಾತೆ ತನ್ನದೇ ಪ್ರತಿರೂಪವೊಂದನ್ನು ಹೆತ್ತಳು. ಅಕ್ಷರ, ಬಣ್ಣ, ವಿದ್ಯೆಗಳನ್ನೆಲ್ಲ ತಾಯಿಯೊಡನೆ ಹಂಚಿಕೊಂಡು, ತಾನು ಹೊಸದಾಗಿ ಬರೆಯುವುದಕ್ಕೆ ಮಾತ್ರ ಬೇರೆ ಜಾಗ ಹಿಡಿದ ಆ ಶಿಶುವೇ ಹಾಜರಾತಿ ಆ್ಯಪಾಗಿ ಪರದೆಯ ಮೇಲೆ ಅವತರಿಸಿತು. ಯಾವ ಆ್ಯಪನ್ನು ಕರೆದರೂ ಆಕೆ ಹೀಗೆಯೇ ಹೆರುವಳು. ಆದರೆ ಆ ಹಳೆಯ ಫೋನಿನ ನೆನಪಿನಂಗಳ ಎಷ್ಟು ಕಿರಿದೆಂದರೆ, ಹೊಸ ಶಿಶುವಿಗೆ ಎಡೆ ಮಾಡಲು ಪರದೆಯ ಮರೆಗೆ ಸರಿದ ಹಳೆಯದನ್ನು ಕೊಲ್ಲದೆ ಗತ್ಯಂತರವಿಲ್ಲ. ಅದಕ್ಕೆಂದೇ ಕಾಲಪುರುಷನೊಬ್ಬ ಖಡ್ಗಪಾಣಿಯಾಗಿ ಅಲ್ಲಿ ನಿಂತಿದ್ದ.

ನಿಂಬೆವ್ವ ಆ್ಯಪಿನ ಮೊಟ್ಟೆ ಫಾರಂನಲ್ಲಿ ಮಕ್ಕಳ ಹೆಸರುಗಳನ್ನು ತುಂಬಿ ಕ್ಯಾಮೆರಾ ತೆರೆದಳು. ಆಗಲೇ ಮೇಲ್ವಿಚಾರಕಿ ವಿಮಲಾಬಾಯಿ ಫೋಟೋ ಎಲ್ಲಿ ಎಂದು ಕಾರ್ಯಕರ್ತೆಯರ ಗುಂಪಿಗೆ ಸಂದೇಶ ಹಾಕಿದರು. ಸಂದೇಶದ ಆ್ಯಪು ಹುಟ್ಟಿತು, ಖಡ್ಗ ಬೀಸಿತು, ಮರೆಯಲ್ಲಿದ್ದ ಫಾರಂ ಅಸುನೀಗಿತು. ಮರಳಿ ನೋಡಿದರೆ ಪುನರ್ಜನ್ಮವೆತ್ತಿ, ಪೂರ್ವಸ್ಮರಣೆಯಿಲ್ಲದೆ ಖಾಲಿ ನಿಂತಿತ್ತು. ಹೀಗೆ ಮೂರು ಸಲ. ಅಷ್ಟರಲ್ಲಿ ಆರು ಮಕ್ಕಳು ಮೊಟ್ಟೆ ತಿಂದು ಮುಗಿಸಿದ್ದವು. ಸಹಾಯಕಿ ಫಕೀರವ್ವ ಅವುಗಳ ಕೈಗೆ ಸಿಪ್ಪೆ ಕೊಟ್ಟು, ಒಡೆಯದ ಕಡೆ ಮುಂದೆ ಬರುವಂತೆ ಹಿಡಿಸಿದಳು.

ಗಂಟೆ ಹತ್ತು ನಲವತ್ತೈದು. ಹದಿನಾಲ್ಕು ವರ್ಷಗಳಲ್ಲಿ ವಿಮಲಾಬಾಯಿಗೆ ಸುಮ್ಮನಿರಿ ಎಂದವರಿಲ್ಲ. ನಿಂಬೆವ್ವ ಅವರಿಗೆ ಫೋನು ಹಚ್ಚಿದಳು.

"ಮೇಡಂ, ನೀವು ಫೋಟೋ ಕೇಳಿದಾಗೆಲ್ಲಾ ನನ್ನ ಫಾರಂ ಸಾಯಾಕತ್ತೈತ್ರಿ. ಹತ್ತು ಮಿನಿಟು ಸುಮ್ಮನ ಕುಂದರ್ರಿ, ಈ ಊರಿನ ಮೊಟ್ಟಿ ನಾ ಉಳಿಸ್ತೀನಿ. ಇಲ್ಲಂದ್ರ ನೀವ ಬಂದು ಹನ್ನೊಂದು ಮಕ್ಕಳಿಗೆ, ಮೊಟ್ಟಿ ಇಲ್ಲ ಅಂತ ಹೇಳಿ ಹೋಗ್ರಿ."

ವಿಮಲಾಬಾಯಿ ಅಂದರು, "ಆತ್ ಬಿಡ್ರಿ."

ಗುಂಪು ಮೌನವಾಯಿತು. ಕ್ಯಾಮೆರಾ ತೆರೆಯಿತು, ಫಾರಂ ಮರೆಯಲ್ಲಿದ್ದೂ ಬದುಕಿತು. ಐದು ಮೊಟ್ಟೆ, ಆರು ಸಿಪ್ಪೆಗಳ ಆ ದಿವ್ಯಚಿತ್ರ ಹತ್ತು ಐವತ್ತೆಂಟಕ್ಕೆ ಊರ್ಧ್ವಲೋಕವನ್ನೇರಿ, ಸಾಸಿವೆಕಾಳಿನಷ್ಟು ಹಸಿರು ಗುರುತೊಂದು ಮೂಡಿತು. ನಿಂಬೆವ್ವ ಗೋಡೆಗೊರಗಿ ಕುಳಿತುಬಿಟ್ಟಳು.

ಹನ್ನೊಂದು ದಾಟಿ ಐದು ನಿಮಿಷಕ್ಕೆ ವಿಮಲಾಬಾಯಿಯೇ ಕರೆ ಮಾಡಿದರು. ದನಿ ಬಹಳ ಸಣ್ಣದಾಗಿತ್ತು. "ಈಗ ಮೆಸೇಜ್ ಹಾಕಬೌದೇನ್ರಿ?"

"ಹಾಕ್ರಿ," ಎಂದು ಅಧೀಶ್ವರಿ ಅನುಮತಿಯಿತ್ತಳು.

ಅಷ್ಟು ಹೊತ್ತು ತಡೆದಿಟ್ಟಿದ್ದ ಆ ಘನಗಂಭೀರ ಸಂದೇಶ ಬಂದಿಳಿಯಿತು: ಒಂದು ಗುಲಾಬಿ ಹೂ, ಅದರ ಕೆಳಗೆ 'ಶುಭ ಮುಂಜಾನೆ'.