ಕಡತಕೋಣೆಯ ಗಾಳಿಗೆ ಮೊಹರು

ಅಳತೆ ಮತ್ತು ತೂಕಗಳ ಇಲಾಖೆಯ ನೆಲಮಾಳಿಗೆಯಲ್ಲಿರುವ ಕಡತಕೋಣೆಯ ಗಾಳಿಯು ಇಲಾಖೆ ಸ್ಥಾಪನೆಯಾದ ದಿನದಿಂದಲೂ ಉತ್ತಮವಾಗಿತ್ತು. ಅದನ್ನು ಯಾರೂ ಅಳೆದಿರಲಿಲ್ಲವಾದ್ದರಿಂದ ಈ ವಿಷಯದಲ್ಲಿ ಭಿನ್ನಾಭಿಪ್ರಾಯಕ್ಕೆ ಆಸ್ಪದವಿರಲಿಲ್ಲ.

ಈ ಉತ್ತಮ ಗಾಳಿಯಲ್ಲಿ ಹತ್ತೊಂಬತ್ತು ವರ್ಷ ಕೂತು ಕಡತ ಕಾಯ್ದ ಹೆಂಗಸಿಗೆ ಕೆಮ್ಮು ಹತ್ತಿಕೊಂಡಿತು. ಕಚೇರಿಯಲ್ಲಿ ಎಲ್ಲರೂ ಆಕೆಯನ್ನು ಕಡತದಕ್ಕ ಎನ್ನುತ್ತಿದ್ದರು. ಆಕೆ ಮೆಟ್ಟಿಲು ಹತ್ತಿ ಬರುತ್ತಿದ್ದಾಳೆಂಬುದು ಮೇಲಿನವರಿಗೆ ಕೆಮ್ಮಿನಿಂದಲೇ ಗೊತ್ತಾಗುತ್ತಿತ್ತು; ಯಾವ ಕಡತ ಬೇಕೆಂದು ಅಷ್ಟರಲ್ಲಿ ಚೀಟಿ ಬರೆದಿಟ್ಟುಕೊಳ್ಳುತ್ತಿದ್ದರು. ವೈದ್ಯೆ ಮಾತ್ರ ಬೆನ್ನಿಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿ, ಈ ಧೂಳಿನಿಂದ ಹೊರಗೆ ಬಾರದಿದ್ದರೆ ಇನ್ನೆರಡು ವರ್ಷದಲ್ಲಿ ಮೆಟ್ಟಿಲು ಹತ್ತುವ ಮಾತೇ ಇರುವುದಿಲ್ಲ ಎಂದು ಬರೆದುಕೊಟ್ಟರು. ಕಡತದಕ್ಕ ಅದನ್ನು ಲಗತ್ತಿಸಿ ವರ್ಗಾವಣೆಗೆ ಅರ್ಜಿ ಹಾಕಿದಳು.

ಹನ್ನೊಂದನೇ ದಿನ ಉತ್ತರ ಬಂತು. “ಅರ್ಜಿದಾರರ ಕೆಮ್ಮು ಕಚೇರಿಯದೋ ಮನೆಯದೋ ಎಂಬುದಕ್ಕೆ ಆಧಾರವಿರುವುದಿಲ್ಲ. ಅಳತೆಗೊಳಪಡದ ಯಾವುದನ್ನೂ ಈ ಇಲಾಖೆಯು ಪರಿಗಣಿಸಲು ಬರುವುದಿಲ್ಲ.”

ಕಡತದಕ್ಕನಿಗೆ ಇದು ನ್ಯಾಯವೆನಿಸಿತು. ಇದೇ ವಾಕ್ಯವಿದ್ದ ಸಾವಿರಾರು ಕಾಗದಗಳನ್ನು ಆಕೆ ತನ್ನ ಕೈಯಾರೆ ಹೊಲಿದು ಕಟ್ಟಿಟ್ಟಿದ್ದಳು. ಹಾಗಾದರೆ ಅಳೆದೇಬಿಡೋಣ ಎಂದುಕೊಂಡಳು.

ಆಕೆಯ ಗಂಡ ರೇಡಿಯೋ, ಮಿಕ್ಸರ್ ರಿಪೇರಿ ಮಾಡುವವನು. ಹವ್ಯಾಸಿಗಳು ಆಟಕ್ಕೆಂದು ಬಳಸುವ ಅಂಗೈಯಗಲದ ಒಂದು ಕಂಪ್ಯೂಟರನ್ನೂ, ಗಾಳಿಯ ಧೂಳು ಎಣಿಸುವ ಬೆಂಕಿಪೊಟ್ಟಣದಷ್ಟು ದೊಡ್ಡ ಸೆನ್ಸರನ್ನೂ ತರಿಸಿಕೊಟ್ಟ. ಬೆಸುಗೆ ಕಡ್ಡಿಯನ್ನೂ ಕೊಟ್ಟ, ಸಲಹೆ ಮಾತ್ರ ಕೊಡಲಿಲ್ಲ. ಹೆಂಡತಿಗೆ ಸಲಹೆ ಕೊಟ್ಟು ಅವನಿಗೆ ಅನುಭವವಿತ್ತು. ಆಕೆ ಊಟದ ಮೇಜಿನ ಮೇಲೆ ಹಳೆಯ ಬೆಡ್‌ಶೀಟ್ ಹಾಸಿ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ನಾಲ್ಕು ತಂತಿಗಳನ್ನು ಜೋಡಿಸಿದಳು. ಕೆಂಪು ತಂತಿ ವಿದ್ಯುತ್ತಿಗೆ, ಕಪ್ಪು ಗ್ರೌಂಡಿಗೆ. ಉಳಿದೆರಡರಲ್ಲಿ ಒಂದು ಹೇಳುವ ತಂತಿ, ಇನ್ನೊಂದು ಕೇಳುವ ತಂತಿ. ಪರದೆಯ ಮೇಲೆ ಸೊನ್ನೆ ಬಂತು.

“ಸೊನ್ನೆ ಬಂದ್ರೆ ಒಳ್ಳೇದೇ ಅಲ್ವಾ?” ಎಂದ ಗಂಡ.

ಆಕೆ ತಂತಿಗಳನ್ನೇ ದಿಟ್ಟಿಸಿದಳು. ಸೆನ್ಸರಿನ ಹೇಳುವ ತುದಿಯನ್ನು ಕಂಪ್ಯೂಟರಿನ ಹೇಳುವ ತುದಿಗೇ ಬೆಸೆದುಬಿಟ್ಟಿದ್ದಳು. ಎರಡೂ ಹೇಳುತ್ತಿದ್ದವು, ಕೇಳುವವರು ಯಾರೂ ಇರಲಿಲ್ಲ. ಸೋಮವಾರದ ಸಿಬ್ಬಂದಿ ಸಭೆ ನೆನಪಾಗಿ ತಪ್ಪು ತಟ್ಟನೆ ಹೊಳೆಯಿತು. ಅದಲುಬದಲು ಮಾಡಿದ ಕೂಡಲೇ ಮೂವತ್ತೆಂಟು ಎಂದು ಬಂತು. ಐವತ್ತರೊಳಗಿದ್ದರೆ ಗಾಳಿ ಒಳ್ಳೆಯದು, ಮುನ್ನೂರು ದಾಟಿದರೆ ಕೂಡಲೇ ಕೋಣೆ ಬಿಡಬೇಕು ಎಂದು ಜೊತೆಗಿದ್ದ ಚೀಟಿಯಲ್ಲಿತ್ತು. ಹಾಗಾದರೆ ಕೆಮ್ಮು ಮನೆಯದಲ್ಲ ಎಂದಾಯಿತು.

ಮರುದಿನ ಕಡತಕೋಣೆಯಲ್ಲಿ ಹಚ್ಚಿದಾಗ ನಾನೂರ ಹನ್ನೆರಡು ತೋರಿಸಿತು. ಕಡತದಕ್ಕ ಕೂಡಲೇ ಕೋಣೆ ಬಿಡಲಿಲ್ಲ, ಊಟದ ಬಿಡುವಿಗೆ ಇನ್ನೂ ನಲವತ್ತು ನಿಮಿಷವಿತ್ತು.

ಅಧೀಕ್ಷಕರು ಸಜ್ಜನರು. ಎದ್ದು ನಿಂತು ಯಂತ್ರವನ್ನು ನೋಡಿದರು. ಆದರೆ ಇಲಾಖೆಯ ಮೊಹರಿಲ್ಲದ ಅಳತೆಯಂತ್ರದ ಮಾತನ್ನು ಅಳತೆಯ ಇಲಾಖೆಯೇ ನಂಬಿದರೆ ಊರಿನ ಅಂಗಡಿಯವರಿಗೆ ಏನು ಮುಖ ತೋರಿಸುವುದು ಎಂದು ಕೇಳಿದರು. ಯಂತ್ರವನ್ನು ಪರೀಕ್ಷಾ ಕೊಠಡಿಗೆ ಒಯ್ದು ಹಿತ್ತಾಳೆಯ ತಕ್ಕಡಿಯಲ್ಲಿಟ್ಟರು.

“ಸಾರ್, ಇದು ತೂಕದ ಯಂತ್ರ ಅಲ್ಲ,” ಎಂದಳು ಕಡತದಕ್ಕ.

“ಇದಕ್ಕೆ ತೂಕ ಇದೆ ತಾನೇ?” ಎಂದರು ಅಧೀಕ್ಷಕರು.

ನೂರ ನಲವತ್ತು ಗ್ರಾಂ ಇತ್ತು. ಮೂರು ಸಲ ತೂಗಿದರೂ ಒಂದು ಗ್ರಾಂ ಆಚೀಚೆ ಆಗಲಿಲ್ಲ. ಇಷ್ಟು ಸ್ಥಿರವಾದ ಯಂತ್ರವನ್ನು ತಾವು ಸೇವೆಯಲ್ಲಿ ಕಂಡಿಲ್ಲವೆಂದು ಹೊಗಳಿ, ಸೀಸದ ಮೊಹರು ಒತ್ತಿದರು. ಸಂಜೆಯೊಳಗೆ ಸುತ್ತೋಲೆ ಹೊರಟಿತು.

“ಕಡತಕೋಣೆಯ ಗಾಳಿಯು ನಾನೂರ ಹನ್ನೆರಡು ಎಂದು ಈ ಮೂಲಕ ನಿಗದಿಪಡಿಸಲಾಗಿದೆ. ಪ್ರತಿ ಹತ್ತು ನಿಮಿಷದ ಅಳತೆಯನ್ನು ಮೂರು ಪ್ರತಿಗಳಲ್ಲಿ ಮುದ್ರಿಸಿ ಕಡತಕೋಣೆಯಲ್ಲೇ ಕಾಯ್ದಿರಿಸತಕ್ಕದ್ದು. ನಿಗದಿಗಿಂತ ಹತ್ತಕ್ಕೂ ಹೆಚ್ಚು ವ್ಯತ್ಯಾಸ ಕಂಡುಬಂದಲ್ಲಿ ಯಂತ್ರದ ಪಾಲಕರಾದ ಅರ್ಜಿದಾರರು ವಿವರಣೆ ಸಲ್ಲಿಸತಕ್ಕದ್ದು.”

ವಾರ ಕಳೆಯುವುದರಲ್ಲಿ ಹೊಸ ಕಾಗದ ಇಡಲು ಹಳೆಯ ಕಡತಗಳನ್ನು ಒತ್ತರಿಸಬೇಕಾಯಿತು, ಒತ್ತರಿಸಿದಾಗ ಧೂಳೆದ್ದಿತು, ಎದ್ದ ಧೂಳಿನ ಅಳತೆ ಮೂರು ಪ್ರತಿಗಳಲ್ಲಿ ಮುದ್ರಣವಾಯಿತು. ಕಡತದಕ್ಕ ಮತ್ತೆ ಅರ್ಜಿ ಹಾಕಿದಳು. ಈ ಸಲ ಅಳತೆಯಿತ್ತು, ಮೊಹರೂ ಇತ್ತು. ಅಧೀಕ್ಷಕರು ಓದಿ ಕಣ್ಣು ಒದ್ದೆ ಮಾಡಿಕೊಂಡರು. ಆಕೆಯನ್ನು ಮೊದಲ ಮಹಡಿಯ ಮೂಲೆಕೋಣೆಗೆ ವರ್ಗಾಯಿಸಿದರು. ದೊಡ್ಡ ಕಿಟಕಿ, ಅದರಾಚೆ ಒಂದು ಮರ, ರಸ್ತೆಯಲ್ಲಿ ಹೋಗಿಬರುವ ಜನ. ಒಂಬತ್ತು ದಿನ ಕಡತದಕ್ಕ ಅಲ್ಲಿ ಕೂತಳು. ಎಂಟನೇ ದಿನ ಊಟದ ನಡುವೆ ಒಮ್ಮೆಯೂ ಕೆಮ್ಮದೆ ಮಾತಾಡಿದಳು. ಏನೋ ಕಡಿಮೆಯಾಗಿದೆ ಅನ್ನಿಸಿ ಗಂಡ ಎರಡು ಸಲ ತಲೆಯೆತ್ತಿ ನೋಡಿದ.

ಹತ್ತನೇ ದಿನ ಲೆಕ್ಕಪರಿಶೋಧಕರ ಆಕ್ಷೇಪಣೆ ಬಂತು. ಯಂತ್ರವು ಪಾಲಕರಿರುವಲ್ಲಿ ಇರಬೇಕೆಂಬುದು ನಿಯಮ. ಯಂತ್ರ ಮೇಲೆ ಬಂತು. ಅಳತೆಯ ಕಾಗದಗಳು ಯಂತ್ರದ ಬಳಿಯಿರಬೇಕು, ಅವೂ ಬಂದವು. ಕಡತಕೋಣೆಯ ಕಾಗದಗಳು ಕಡತಕೋಣೆಯ ಹೊರಗಿರುವಂತಿಲ್ಲ. ಆದ್ದರಿಂದ ಮೂಲೆಕೋಣೆಯನ್ನೇ ಕಡತಕೋಣೆಯೆಂದು ಘೋಷಿಸಿ, ನೆಲಮಾಳಿಗೆಯ ಕಪಾಟುಗಳನ್ನೆಲ್ಲ ಹೊತ್ತು ತಂದರು. ಕೊನೆಯ ಕಪಾಟಿಗೆ ಕಿಟಕಿಯ ಮುಂದಲ್ಲದೆ ಬೇರೆ ಜಾಗವಿರಲಿಲ್ಲ. ಅಂದು ಸಂಜೆಯ ಅಳತೆ ನಾನೂರ ಹದಿನೈದು. ಖಾಲಿಯಾದ ನೆಲಮಾಳಿಗೆಯನ್ನು ತೊಳೆದು ಬಳಿದು, ಅಲ್ಲಿ ತಂಪಾಗಿದೆಯೆಂದು ಅಧೀಕ್ಷಕರು ತಮ್ಮ ಮೇಜನ್ನು ಇಳಿಸಿಕೊಂಡರು.

ಕಡತದಕ್ಕ ಒಮ್ಮೆ ಪ್ರಯತ್ನ ಮಾಡಿದಳು. ರಜೆಯ ದಿನ ಬಂದು, ಒದ್ದೆ ಬಟ್ಟೆಯಿಂದ ಕಪಾಟುಗಳನ್ನೆಲ್ಲ ಒರೆಸಿದಳು. ಸಂಖ್ಯೆ ಇನ್ನೂರ ಎಂಬತ್ತಕ್ಕಿಳಿಯಿತು. ಮರುದಿನವೇ ನೋಟೀಸು ಬಂತು: ನಿಗದಿತ ಗಾಳಿಯನ್ನು ಉತ್ತಮಪಡಿಸಲು ತಮಗೆ ಅಧಿಕಾರ ನೀಡಿದವರು ಯಾರು? ಮೂರು ವಾರ ಆಕೆ ಉತ್ತರಗಳನ್ನು ಬರೆದಳು. ಐದನೆಯ ಉತ್ತರದಲ್ಲಿ, ಅಜಾಗರೂಕತೆಯಿಂದ ಒರೆಸಿದ್ದಾಗಿ ಒಪ್ಪಿಕೊಂಡ ಮೇಲೆ ಎಚ್ಚರಿಕೆ ಕೊಟ್ಟು ಬಿಟ್ಟರು. ಆ ಪತ್ರವ್ಯವಹಾರ ಒಂದು ದಪ್ಪ ಕಡತವಾಯಿತು. ಅದನ್ನು ಇಡಲು ಒಂದು ಕಪಾಟು ತರಿಸಬೇಕಾಯಿತು.

ಆಮೇಲೆ ಎಲ್ಲ ಸುಸೂತ್ರವಾಗಿ ನಡೆಯಿತು. ಬೇರೆ ಊರುಗಳ ಕಚೇರಿಗಳಿಂದ ಜನ ತಂಡವಾಗಿ ಬಂದು, ಮೂಗಿಗೆ ಕರವಸ್ತ್ರ ಒತ್ತಿಕೊಂಡು ಸಂಖ್ಯೆಯನ್ನು ನೋಡಿ, ವರ್ಷವಿಡೀ ಒಂದೇ ಗಾಳಿಯನ್ನು ಕಾಪಾಡಿಕೊಂಡು ಬಂದದ್ದಕ್ಕೆ ಮೆಚ್ಚಿಕೊಂಡು ಹೋಗುತ್ತಿದ್ದರು. ಅಧೀಕ್ಷಕರು ಕಡತದಕ್ಕನನ್ನು ಅವರಿಗೆ ಪರಿಚಯಿಸುವಾಗ ಆಕೆ ತಲೆ ಬಾಗಿಸಿ, ಕೆಮ್ಮು ನಿಲ್ಲುವವರೆಗೆ ಬೆರಳಿನಿಂದ ಪರದೆಯನ್ನು ತೋರಿಸುತ್ತಿದ್ದಳು.

ಒಂದು ಬೆಳಿಗ್ಗೆ ಕಿಟಕಿಯ ಚೌಕಟ್ಟಿಗೆ ಬಣ್ಣ ಹೊಡೆಯಲು ಬಂದವನು ಅಡ್ಡವಿದ್ದ ಕಪಾಟನ್ನು ಸರಿಸಿ ಕಿಟಕಿ ತೆರೆದ. ಕಡತದಕ್ಕ ಒಳಗೆ ಬಂದಾಗ ಗಾಳಿ ಬೀಸುತ್ತಿತ್ತು. ಮರದ ಎಲೆಗಳ ಸದ್ದು ಕೇಳಿಸುತ್ತಿತ್ತು. ಆಕೆ ಒಂದು ಕ್ಷಣ ನಿಂತು ಪೂರ್ತಿ ಉಸಿರೆಳೆದುಕೊಂಡಳು, ಎದೆಯಲ್ಲಿ ಎಲ್ಲೂ ಸಿಕ್ಕಿಕೊಳ್ಳದೆ ಅದು ಒಳಗೆ ಹೋಯಿತು. ಆಮೇಲೆ ಪರದೆಯತ್ತ ನೋಡಿದಳು. ತೊಂಬತ್ತೊಂದು.

ದಿನದ ಮೊದಲ ಮುದ್ರಣಕ್ಕೆ ಇನ್ನು ನಾಲ್ಕು ನಿಮಿಷವಿತ್ತು.

“ಸ್ವಲ್ಪ ಕಿಟಕಿ ಮುಚ್ಚಪ್ಪ,” ಎಂದಳು.

“ತೆರೆದಿರ್ಲಿ ಬಿಡಿ ಅಕ್ಕ, ಎಷ್ಟು ಚೆನ್ನಾಗಿದೆ ಗಾಳಿ.”

“ಚೆನ್ನಾಗೇನೋ ಇದೆ. ನಿನ್ನೆ ಹೀಗಿರ್ಲಿಲ್ಲವಲ್ಲ.”

ಅವನಿಗೆ ಅದು ಸರಿಯೆನಿಸಿತು. ಕಿಟಕಿ ಮುಚ್ಚಿ, ಕಪಾಟನ್ನು ಅಡ್ಡ ತಳ್ಳಿ, ಬಣ್ಣದ ಡಬ್ಬಿ ಎತ್ತಿಕೊಂಡು ಹೊರಟ. ಕಡತದಕ್ಕ ಕೈಗೆ ಸಿಕ್ಕಿದ ಹಳೆಯದೊಂದು ಕಡತವನ್ನು ತೆಗೆದು, ಸೆನ್ಸರಿನ ಮುಂದೆ ಹಿಡಿದು, ಮಗುವಿನ ಬೆನ್ನು ತಟ್ಟುವಂತೆ ಮೆಲ್ಲಗೆ ತಟ್ಟಿದಳು. ಇನ್ನೂರು. ಮತ್ತೆರಡು ಸಲ ತಟ್ಟಿದಳು. ಮುನ್ನೂರ ಎಪ್ಪತ್ತು. ಕೊನೆಯ ಸಲ ಅಳೆದು ತೂಗಿ ತಟ್ಟಿದಳು. ನಾನೂರ ಹನ್ನೆರಡಕ್ಕೆ ಬಂದು ನಿಂತಿತು. ಮೂರೂ ಪ್ರತಿಗಳು ಹೊರಬಂದವು. ಆಕೆ ಸಮಾಧಾನದಿಂದ ಸಹಿ ಮಾಡಿ, ಕುರ್ಚಿಯಲ್ಲಿ ಕೂತು, ಕೆಮ್ಮತೊಡಗಿದಳು.