ಗಿಟಾರಿನೊಳಗಿನ ಕುಲೆ

ಇದನ್ನು ಜೋರಾಗಿ ಓದಬೇಡಿ. ತುಟಿ ಅಲ್ಲಾಡಿಸದೆ ಮನಸ್ಸಿನಲ್ಲೇ ಓದಿ. ಯಾರಿಗೂ ಹೇಳುವುದಿಲ್ಲ ಅಂತ ಆಣೆ ಹಾಕಿ ಆಮೇಲೆ ಮುಂದೆ ಬನ್ನಿ. ನಮ್ಮ ವರ್ಕಾಡಿಯಲ್ಲಿ ಇಂಥದ್ದು ಆಗುತ್ತಲೇ ಇರುತ್ತದೆ. ನಾನು ಹುಡುಕಿಕೊಂಡು ಹೋಗುವವಳಲ್ಲ. ಜಗಲಿಯಲ್ಲಿ ಕೂತು ಬೀಡಿ ಕಟ್ಟುತ್ತಿರುತ್ತೇನೆ, ಅದೇ ಮೆಟ್ಟಿಲು ಹತ್ತಿ ಬರುತ್ತದೆ.

೧. ಕರಿ ಡಬ್ಬ

ಪಕ್ಕದ ಮನೆಯವ ಗಲ್ಫಿನ ಕೆಲಸ ಬಿಟ್ಟು ಬಂದಾಗ ಜೀಪಿನಿಂದ ಒಂದು ದೊಡ್ಡ ಪೆಟ್ಟಿಗೆ ಇಳಿಯಿತು. ಇಬ್ಬರು ಹಿಡಿದರೂ ಏಳಲಿಲ್ಲ. ಮಗಳಿಗೆ ಮದುವೆ ಪ್ರಾಯ, ಒಳಗೆ ಬಂಗಾರವೇ ಇರಬೇಕು ಅಂತ ನಾನು ಬೀಡಿಯ ಮೊರ ಬದಿಗಿಟ್ಟು ಓಡಿದೆ. ಬಿಚ್ಚಿದರೆ ಒಂದು ಕರಿ ಡಬ್ಬ, ಜೊತೆಗೆ ಒಂದು ಕರೆಂಟಿನ ಗಿಟಾರು.

"ಎಂತ ಮಾರಾಯ ಇದು?"

"ಆಂಪ್ಲಿಫಯರ್, ದೊಡ್ಡಮ್ಮ. ಗಿಟಾರಿನ ತಂತಿಯ ಅಡಿಯಲ್ಲಿ ಈ ಪಟ್ಟಿ ಉಂಟಲ್ಲ, ಇದು ಪಿಕಪ್. ಒಳಗೆ ಅಯಸ್ಕಾಂತ, ಅದಕ್ಕೆ ಕೂದಲಿನಷ್ಟು ಸಪೂರದ ವಯರು ಸುತ್ತಿದ್ದು. ತಂತಿ ನಡುಗಿದರೆ ಇದು ಹಿಡಿಯುತ್ತದೆ, ಡಬ್ಬ ಜೋರು ಮಾಡುತ್ತದೆ. ಮಗಳ ಮದುವೆಗೆ ನಾನೇ ಬಾರಿಸಬೇಕು. ಆದರೆ ನನಗೆ ಬೇಕಾದ ಸ್ವರ ಇನ್ನೂ ಸಿಗಲಿಲ್ಲ."

ಅಂದಿನಿಂದ ಶುರು. ಸ್ಕ್ರೂಡ್ರೈವರ್ ಹಿಡಿದು ಪಿಕಪ್ಪನ್ನು ಒಂದು ಕೂದಲೆಳೆ ಮೇಲೆ ಮಾಡುವುದು, ಮತ್ತೆ ಇಳಿಸುವುದು. ಡಬ್ಬದ ತಿರುಪು ಒಂದನ್ನು ಆಚೆ, ಒಂದನ್ನು ಈಚೆ ತಿರುಗಿಸುವುದು. "ಈಗ ದಪ್ಪ ಆಯಿತಲ್ಲ ದೊಡ್ಡಮ್ಮ?" ಅಂತ ಕೇಳುವುದು. ನನಗೆ ಎಲ್ಲವೂ ಒಂದೇ. ಆದರೆ ಒಂದು ಹೇಳುತ್ತೇನೆ. ಯಾರೂ ಬಾರಿಸದಿರುವಾಗಲೂ ಆ ಡಬ್ಬ ಗುಂಯ್ ಅನ್ನುತ್ತಿತ್ತು, ಗೋಡೆಯೊಳಗೆ ಹೆಜ್ಜೇನು ಕೂತ ಹಾಗೆ. ಅವನು ತಂತಿಗೆ ಬೆರಳು ತಾಗಿಸಿದರೆ ಗಪ್ಪೆಂದು ನಿಲ್ಲುತ್ತಿತ್ತು. ಬೆರಳು ತೆಗೆದರೆ ಪುನಃ ಶುರು. ಬಾಗಿಲ ಹಿಂದೆ ನಿಂತು ಯಾರೋ ಉಸಿರು ಬಿಗಿಹಿಡಿದು ಬಿಟ್ಟ ಹಾಗೆ.

ಅವನ ಹೆಂಡತಿ ಅಡಿಗೆಮನೆಯಿಂದಲೇ ಹೇಳಿದಳು, "ಸಾರಿಗೆ ಉಪ್ಪು ಹಾಕದಿದ್ದರೆ ಈ ಮನುಷ್ಯನಿಗೆ ಗೊತ್ತಾಗುವುದಿಲ್ಲ. ಡಬ್ಬದ ತಿರುಪು ಒಂದು ಗೆರೆ ತಪ್ಪಿದರೆ ಊಟ ಬಿಡ್ತಾರೆ!"

೨. ಕುರ್ಚಿಯ ಮೇಲಿನ ಅಳು

ಒಂದು ದಿನ ಮುಸ್ಸಂಜೆ. ದೀಪ ಹಚ್ಚುವ ಹೊತ್ತು. ಆಚೆ ಕಡೆಯಿಂದ ಹೆಂಗಸು ಅತ್ತ ಹಾಗೆ ಒಂದು ಸ್ವರ. ಸಣ್ಣಗೆ ಹೊರಟು, ಏರಿ ಏರಿ, ಇಳಿಯುವುದೇ ಇಲ್ಲ. ಮನುಷ್ಯರಾದರೆ ನಡುವೆ ಉಸಿರು ತೆಗೆಯಬೇಕಲ್ಲ? ನನ್ನ ನಾಯಿ ಬೊಗಳದೆ ಮಂಚದಡಿ ಸೇರಿತು. ಕಿಟಕಿಯಲ್ಲಿ ಇಣುಕಿದೆ. ಕೋಣೆಯಲ್ಲಿ ಯಾರೂ ಇಲ್ಲ. ಡಬ್ಬದ ಎದುರು ಕುರ್ಚಿಯ ಮೇಲೆ ಗಿಟಾರು ಒಂದೇ ಕೂತು ಅಳುತ್ತಾ ಉಂಟು. ತಂತಿಗಳು ತಾವಾಗಿಯೇ ನಡುಗುತ್ತಿವೆ.

ಆಮೇಲೆ ಅವನು ಹೇಳಿದ, ಜೋರಿಟ್ಟು ಡಬ್ಬದ ಎದುರು ಬಿಟ್ಟರೆ ಅದರ ಸ್ವರ ಅದಕ್ಕೇ ತಾಗಿ ಹಾಗೆ ಕೂಗುತ್ತದಂತೆ. ಅವನು ಬಚ್ಚಲಿಗೆ ಹೋಗಿದ್ದನಂತೆ. ಆದರೆ ಅಷ್ಟರಲ್ಲಿ ನಾನು ಕಟ್ಟಿದ ಬೀಡಿ ಕೊಡುವ ಬ್ರಾಂಚಿನಲ್ಲಿ ಒಬ್ಬಳ ಕಿವಿಯಲ್ಲಿ ಹೇಳಿ ಆಗಿತ್ತು. ಒಬ್ಬಳಿಗೆ ಮಾತ್ರ.

ಮರುದಿನ ಅದು ಬಸ್ಸು ಹತ್ತಿ ಕುಂಬಳೆ ಮುಟ್ಟಿತು. ಮಗಳಿಗೆ ನೋಡಿದ ಸಂಬಂಧ ಕುಂಬಳೆಯದ್ದೇ. ಹುಡುಗನ ತಾಯಿ ಫೋನು ಮಾಡಿದಳು: "ನಿಮ್ಮಲ್ಲಿ ತೊಟ್ಟಿಲಲ್ಲೇ ತೀರಿದ ಹೆಣ್ಣು ಒಂದುಂಟಂತೆ. ಅವಳಿಗೆ ಮದುವೆಯಾಗದೆ ಕುಲೆ ಅಳುತ್ತಾ ಉಂಟಂತೆ. ಅದನ್ನು ಮೊದಲು ಮುಗಿಸಿ. ಇಲ್ಲದಿದ್ದರೆ ನಾವು ಬೇರೆ ಹೆಣ್ಣು ನೋಡುತ್ತೇವೆ."

ಹೌದು, ಅವನಿಗೊಬ್ಬಳು ಅಕ್ಕ ಇದ್ದಳು, ತೊಟ್ಟಿಲಲ್ಲೇ ಹೋದದ್ದು. ನಮ್ಮ ಕಡೆ ಹೋದ ಮಕ್ಕಳು ಆಚೆ ಲೋಕದಲ್ಲಿ ಬೆಳೆಯುತ್ತಾರೆ. ಪ್ರಾಯಕ್ಕೆ ಬಂದ ಮೇಲೆ ಮದುವೆ ಮಾಡಿಸದಿದ್ದರೆ ಕುಲೆಯಾಗಿ, ಅಂದರೆ ಪ್ರೇತವಾಗಿ ಬಂದು ಈಚೆಯವರ ಮದುವೆಗೆ ಅಡ್ಡ ನಿಲ್ಲುತ್ತಾರೆ.

"ಅದು ಅಕ್ಕ ಅಲ್ಲ ಮಾರಾಯ್ತಿ, ವಾಲ್ಯೂಮು!" ಅಂತ ಗಿಟಾರಿನವ ತಲೆ ಬಡಿದುಕೊಂಡ.

"ಹಾಗಾದರೆ ನಿಮ್ಮ ವಾಲ್ಯೂಮಿಗೇ ಒಂದು ಗಂಡು ನೋಡುವ," ಅಂದಳು ಹೆಂಡತಿ.

೩. ಗಂಡು ಹುಡುಕಿದ್ದು

ಸತ್ತ ಹೆಣ್ಣಿಗೆ ಸತ್ತ ಗಂಡೇ ಆಗಬೇಕು. ಕಾರಡ್ಕದ ಕಡೆ ಒಂದು ಮನೆಯಲ್ಲಿ ಸಣ್ಣದಿರುವಾಗಲೇ ಜ್ವರದಲ್ಲಿ ಹೋದ ಹುಡುಗ ಇದ್ದಾನೆಂದು ಗೊತ್ತಾಯಿತು. ಪಕ್ಕದ ಮನೆಯವಳ ಜೊತೆಗೆ ನಾನೂ ಹೋದೆ. ಹೆಂಗಸು ಒಬ್ಬಳೇ ಹೋಗುವುದು ಸರಿಯಾ?

ಗಂಡಿನ ತಾಯಿ ಹಣ್ಣುಮುದುಕಿ. ಹಾಲು ಕೊಟ್ಟು, ಎದುರಿನ ಖಾಲಿ ಮಣೆಯನ್ನೇ ನೋಡುತ್ತಾ, ಅಲ್ಲಿ ಯಾರೋ ಕೂತಿರುವ ಹಾಗೆ ದನಿ ತಗ್ಗಿಸಿ ಕೇಳಿದಳು, "ಹುಡುಗಿಯ ಸ್ವರ ಸ್ವಲ್ಪ ಜೋರಂತಲ್ಲ? ನಮ್ಮವ ಮೊದಲೇ ಪಾಪ."

ಇವಳಿಗೆ ಗಂಡನ ಅಕ್ಕನ ಮೇಲೆ ಎಲ್ಲಿಲ್ಲದ ಅಭಿಮಾನ ಉಕ್ಕಿತು. "ನಮ್ಮ ಹುಡುಗಿಗೆ ಸ್ವರವಾದರೂ ಉಂಟು. ನಿಮ್ಮವ ಇಷ್ಟು ವರ್ಷ ಎಂತ ಮಾಡಿದ? ಒಂದು ಪಾತ್ರೆಯಾದರೂ ಉರುಳಿಸಿದ್ದಾನಾ?"

೪. ಕುಲೆ ಮಾತಾಡಿದ್ದು

ಮುದುಕಿ ಒಪ್ಪಿದಳು. ಕುಲೆಗಳ ಮದುವೆ ಆಟಿ ತಿಂಗಳಲ್ಲಿ, ಅಂದರೆ ಆಷಾಢದಲ್ಲಿ, ಗಿಟಾರಿನವನ ಮನೆಯ ಚಾವಡಿಯಲ್ಲೇ. ಒಂದು ಮಣೆಯ ಮೇಲೆ ಸೀರೆ, ಇನ್ನೊಂದರ ಮೇಲೆ ವೇಷ್ಟಿ. ಮದುವೆಯಾಗದವರು ನೋಡಬಾರದೆಂದು ಮಗಳನ್ನು ನನ್ನ ಮನೆಗೆ ಕಳಿಸಿದ್ದರು. ಕುಂಬಳೆಯವರೂ ಬಂದಿದ್ದರು, ಕಣ್ಣಾರೆ ನೋಡಿಯೇ ಹೋಗುತ್ತೇವೆ ಅಂತ. ಹುಡುಗನ ತಾಯಿ, ಸೋದರಮಾವ, ಇನ್ನಿಬ್ಬರು.

ಗಿಟಾರಿನವ ಕೊನೆಗೂ ಒಪ್ಪಿ ಒಂದು ಷರತ್ತು ಹಾಕಿದ್ದ: ಅಕ್ಕನ ಮದುವೆಯಲ್ಲೂ ಊಟವಾದ ಮೇಲೆ ಬಾರಿಸುತ್ತೇನೆ ಅಂತ. ಡಬ್ಬ ಬಿಸಿಯೇರಲಿ ಎಂದು ಚಾವಡಿಯ ಮೂಲೆಯಲ್ಲಿ ಮೊದಲೇ ಆನ್ ಮಾಡಿಟ್ಟಿದ್ದ. ಗಿಟಾರು ಒಳಕೋಣೆಯ ಮಂಚದ ಮೇಲೆ. ಪರದೆಯಡಿಯಿಂದ ವಯರು ಎಳೆದಿತ್ತು. ಗಿಟಾರಿಗೆ ಮಂಗಳೂರಿನಿಂದ ಯಾವುದೋ ಹಳೇ ಪಿಕಪ್ ತಂದು ಹಾಕಿದ್ದ. ಒಳಗಿನ ಮೇಣ ಕರಗಿ ಹೋದ ಅಂಥ ಪಿಕಪ್ಪು ತಂತಿಯನ್ನು ಮಾತ್ರವಲ್ಲ, ಹತ್ತಿರ ಆಡಿದ ಮಾತನ್ನೂ ಹಿಡಿಯುತ್ತದಂತೆ. ನನಗೆಲ್ಲಿಂದ ಗೊತ್ತು?

ನಾನೂ ಬೀಡಿ ಬ್ರಾಂಚಿನ ಆ ಹೆಂಗಸೂ ಅದೇ ಮಂಚದ ಮೇಲೆ ಗಿಟಾರಿನ ಪಕ್ಕ ಕೂತೆವು. ಗುಟ್ಟು ಹೇಳುವಾಗ ಬಗ್ಗಬೇಕಲ್ಲ, ಬಗ್ಗಿದೆ.

"ಹುಡುಗಿ ಅಪರಂಜಿ. ಇವಳನ್ನು ಬಿಟ್ಟರೆ ಕುಂಬಳೆಯವರಿಗೆ ಬೇರೆ ಯಾರು ಸಿಗ್ತಾರೆ? ಆ ಸೋದರಮಾವನಿಗೆ ಉಪ್ಪಳದಲ್ಲಿ ಇನ್ನೊಂದು ಸಂಸಾರ ಉಂಟು. ತಾಯಿಗೆ ಎಲ್ಲ ಗೊತ್ತುಂಟು, ಬಾಯಿ ಮುಚ್ಚಿ ಕೂತಿದ್ದಾಳೆ."

ಚಾವಡಿಯಲ್ಲಿ ಕರಿಮಣಿ ಎತ್ತುವ ಹೊತ್ತಂತೆ. ಡಬ್ಬದೊಳಗಿಂದ, ಬಾವಿಯ ತಳದಿಂದ ಬಂದ ಹಾಗೆ, ಒಂದು ಹೆಣ್ಣಿನ ಸ್ವರ ಇದನ್ನೆಲ್ಲ ಹೇಳಿತಂತೆ. ಕುಂಬಳೆಯವರ ಕೈ ತಾನಾಗಿ ಮುಗಿದುಕೊಂಡಿತಂತೆ. ಸೋದರಮಾವ ಚಪ್ಪಲಿ ಬಿಟ್ಟೇ ರಸ್ತೆಗಿಳಿದ. ನಮ್ಮ ಗಿಟಾರಿನವ ಮಾತ್ರ ಎದ್ದು ನಿಂತು, ಕಣ್ಣಲ್ಲಿ ನೀರು ತುಂಬಿ, "ಯಾರೂ ಮಾತಾಡಬೇಡಿ! ಇದೇ ಸ್ವರ! ನಾನು ಇಷ್ಟು ದಿನ ಹುಡುಕಿದ್ದು ಇದನ್ನೇ!" ಅಂದನಂತೆ. ತಮ್ಮನೇ ಅಕ್ಕನನ್ನು ಗುರುತು ಹಿಡಿದ ಅಂತ ಹೆಂಗಸರೆಲ್ಲ ಅತ್ತರಂತೆ. ಹುಡುಗನ ತಾಯಿ ಡಬ್ಬಕ್ಕೆ ಅಡ್ಡಬಿದ್ದು, "ಒಪ್ಪಿದೆವು ತಾಯೀ, ಬರುವ ತಿಂಗಳೇ ಮದುವೆ. ಇನ್ನು ಹೆಚ್ಚು ಹೇಳುವುದು ಬೇಡ!" ಎಂದಳಂತೆ.

ಇನ್ನೊಂದುಂಟು. ಕೊನೆಗೆ ಡಬ್ಬ ನಕ್ಕಿತಂತೆ. ತೆಳ್ಳಗೆ, ತೊಟ್ಟಿಲ ಮಗು ನಕ್ಕ ಹಾಗೆ. ಕೇಳದವರಿಲ್ಲ. ನಾನು ನಗಲಿಲ್ಲ. ಬ್ರಾಂಚಿನವಳೂ ನಗಲಿಲ್ಲ. ಆ ಕೋಣೆಯಲ್ಲಿ ಮತ್ತೆ ಯಾರೂ ಇರಲಿಲ್ಲ.

ಊಟಕ್ಕೆ ಕೂತಾಗ ಪಕ್ಕದ ಮನೆಯವಳು ಪಾಯಸದ ಸೌಟು ಹಿಡಿದು ನನ್ನ ಎಲೆಯ ಮುಂದೆ ನಿಂತಳು. ಕುಂಬಳೆಯವರು ಎದುರು ಸಾಲಿನಲ್ಲೇ ಇದ್ದರು. ಪಾಯಸ ಚೆನ್ನಾಗಿದೆ ಎನ್ನಲು ನಾನು ಬಾಯಿ ತೆರೆದೆ. ಅವಳು ಬಗ್ಗಿ, ನಗುತ್ತಲೇ, ಮುಖಕ್ಕೆ ಮುಖ ಕೊಟ್ಟು ಪಿಸುಗುಟ್ಟಿದಳು:

"ಬಾಯಿ ಮುಚ್ಚಿ ದೊಡ್ಡಮ್ಮ, ಸ್ವರದ ಗುರುತು ಸಿಕ್ಕೀತು. ನೀವು ಹುಟ್ಟು ಮೂಗಿ ಅಂತ ಅವರಿಗೆ ಈಗಷ್ಟೇ ಹೇಳಿ ಬಂದಿದ್ದೇನೆ."