ಕಡಲೆಕಾಯಿ ಆಗದವರ ಪಟ್ಟಿ

ಇಸ್ತ್ರಿಯವನ ಮಗಳ ತುಟಿ ಊದಿದ್ದಕ್ಕೆ ಕಾರಣ ಅರ್ಧ ಚಮಚ ಕಡಲೆಕಾಯಿ ಪುಡಿ. ಸ್ಕೂಲಿನಲ್ಲಿ ಬಡಮಕ್ಕಳಿಗೆ ಕೊಡುವ ಬಿಟ್ಟಿ ಊಟದಲ್ಲಿ ಸಾರಿಗೂ ಅದೇ, ಪಲ್ಯಕ್ಕೂ ಅದೇ. ಹದಿನೈದರ ಹುಡುಗಿಗೆ ತಿಂದರೆ ಉಸಿರು ಕಟ್ಟುತ್ತಿತ್ತು, ತಿನ್ನದಿದ್ದರೆ ಮಧ್ಯಾಹ್ನದ ಪಾಠದಲ್ಲಿ ಕಣ್ಣು ಕತ್ತಲಿಡುತ್ತಿತ್ತು. ಫೀಸು ಕಟ್ಟಿ ಅಲ್ಲೇ ಉಣ್ಣುವ, ಅದೇ ಕ್ಲಾಸಿನ ಮಿಲ್ ಮಾಲೀಕರ ಮಗಳಿಗೂ ಕಡಲೆಕಾಯಿ ಆಗದು. ಆದರೆ ಅವಳ ಡಾಕ್ಟರ ಚೀಟಿ ಅಡುಗೆಮನೆಯ ಗೋಡೆಯ ಮೇಲಿತ್ತು. ಅವಳಿಗೆ ಬೇರೆ ಪಾತ್ರೆ, ಬೇರೆ ಸೌಟು. ನೀನೂ ಒಂದು ಚೀಟಿ ತಂದರೆ ಆ ಪಾತ್ರೆಯಿಂದಲೇ ಬಡಿಸುತ್ತೇನೆ ಎಂದು ಅಡುಗೆಯಾಕೆ ಹೇಳಿದ್ದಳು.

ಚೀಟಿಗಾಗಿ ಅಪ್ಪ ಮಗಳು ಎರಡು ಸಲ ಆಸ್ಪತ್ರೆಗೆ ಹೋಗಿ ಬಂದಿದ್ದರು. ಮೊದಲ ಸಲ ಡಾಕ್ಟರು ತಲೆ ಎತ್ತದೆ ಹುಳದ ಮಾತ್ರೆ ಬರೆದರು. ಎರಡನೇ ಸಲ, ಸೋಪು ಹಚ್ಚಿ ಸ್ನಾನ ಮಾಡೋಕೆ ಹೇಳು ಅಂದರು.

ಒಂದು ಬೆಳಿಗ್ಗೆ ಇದನ್ನು ಕೇಳಿದ ಪಕ್ಕದ ಅಂಗಡಿಯ ದರ್ಜಿ, ಬಾಯಲ್ಲಿ ಕಚ್ಚಿದ್ದ ಸೂಜಿ ತೆಗೆದ.

“ಅವ್ರು ನಿನ್ ಮಗಳ ಮುಖ ನೋಡ್ಲಿಲ್ಲ ಕಣಯ್ಯ, ನಿನ್ ಅಂಗಿ ತೂತು ನೋಡಿದ್ರು. ನಿನ್ ಇಸ್ತ್ರಿ ಮೇಜಿನ ಮೇಲೆ ಆ ಕೋಟು ಇದೆಯಲ್ಲ, ಹಾಕ್ಕೊಂಡು ಹೋಗು.”

“ಗಿರಾಕೀದು ಅಣ್ಣ.”

“ಸಂಜೆಗೆ ತಾನೆ ಕೊಡೋದು? ಹಾಕ್ಕೊ.”

ಕೋಟು ಇಬ್ಬರು ಹಿಡಿಸುವಷ್ಟಿತ್ತು. ದರ್ಜಿ ಬೆನ್ನ ಹಿಂದೆ ಗುಂಡುಸೂಜಿ ಚುಚ್ಚಿ ಬಿಗಿ ಮಾಡಿದ. ಇಸ್ತ್ರಿ ಕೆಡಬಾರದೆಂದು ಇಸ್ತ್ರಿಯವನು ಖಾಲಿ ಬಸ್ಸಿನಲ್ಲೂ ಬೆದರುಬೊಂಬೆಯಂತೆ ನಿಂತೇ ಹೋದ. ಉಸಿರೆಳೆದಾಗಲೆಲ್ಲ ಸೂಜಿ ತಾಗಿ ಬೆನ್ನು ಸೆಟೆಯುತ್ತಿತ್ತು. ನೋಡಿದವರಿಗೆ ಅದೇ ದೊಡ್ಡ ಮನುಷ್ಯರ ಠೀವಿ.

ಅದೇ ಡಾಕ್ಟರು ಈ ಸಲ ಕುರ್ಚಿ ಎಳೆದುಕೊಟ್ಟರು. ಬೆನ್ನಿನ ಗುಂಡುಸೂಜಿಯ ಭಯಕ್ಕೆ ಇವನು ಕೂರಲಿಲ್ಲ. ಸಾಹೇಬರಿಗೆ ಪುರುಸೊತ್ತಿಲ್ಲವೆಂದುಕೊಂಡು ಡಾಕ್ಟರು ಚುರುಕಾದರು. ಪರೀಕ್ಷೆಗೆಂದು ಹುಡುಗಿಯ ತೋಳಿಗೆ ಕಡಲೆಕಾಯಿ ಸಾರದ ಹನಿ ಬಿಟ್ಟು ಚುಚ್ಚಿದರು. ಹದಿನೈದು ನಿಮಿಷದಲ್ಲಿ ಕೆಂಪು ಗುಳ್ಳೆ ಎದ್ದಿತು.

“ಇಷ್ಟು ದಿನ ಯಾಕೆ ಸುಮ್ನಿದ್ರಿ ಸರ್? ಇದು ಜೀವಕ್ಕೇ ಅಪಾಯ.”

ಇಸ್ತ್ರಿಯವನು ಚೀಟಿಗೆ ಕೈ ಚಾಚಿದ. ಮಗಳು ಗೋಡೆಯ ಕಡೆ ತಿರುಗಿ ನಗು ನುಂಗಿದಳು.

ಚೀಟಿ ಹಿಡಿದು ನೇರ ಸ್ಕೂಲಿಗೆ ಬಂದರು. ಹೆಡ್‌ಮೇಡಂ ಅದನ್ನು ಎರಡು ಸಲ ಓದಿ, ತಾವೇ ಎದ್ದು ಹೋಗಿ ಅಡುಗೆಮನೆಯ ಗೋಡೆಗೆ ಅಂಟಿಸಿ ಬಂದರು. ಆಮೇಲೆ ಬಿಟ್ಟಿ ಊಟದ ಪಟ್ಟಿ ತೆಗೆದು ಕೆಂಪು ಪೆನ್ನು ಹಿಡಿದರು. ನಿಮ್ಮಂಥವರ ಮಗಳು ಇದರಲ್ಲಿ ಹೇಗೆ ಸೇರಿದಳೋ, ತಪ್ಪಾಗಿದೆ, ನಾಳೆಯಿಂದ ಊಟದ ಫೀಸು ಕಟ್ಟಿಬಿಡಿ ಎಂದರು.

ಇಸ್ತ್ರಿಯವನು ಕೋಟು ಗಿರಾಕಿಯದೆಂದು ಒಪ್ಪಿಕೊಂಡ. ಅದನ್ನು ಬಿಚ್ಚಿ, ಅಂಗಿಯ ತೂತಿನಲ್ಲಿ ಬೆರಳು ತೂರಿಸಿ ತೋರಿಸಿದ.

ಮೇಡಂ ನಿಧಾನವಾಗಿ ನಕ್ಕರು.

“ಮಿಲ್ ಮಾಲೀಕರ ಮಗಳೂ ಹರಿದ ಪ್ಯಾಂಟೇ ಹಾಕ್ಕೊಂಡು ಬರ್ತಾಳೆ. ಬಟ್ಟೆ ನೋಡಿ ನಾನು ಯಾರನ್ನೂ ಅಳೆಯಲ್ಲ ಸ್ವಾಮಿ. ಇಪ್ಪತ್ತು ವರ್ಷದಿಂದ ಈ ಸ್ಕೂಲಲ್ಲಿದೀನಿ. ಬಡವರ ಮಕ್ಕಳು ಒಬ್ರೂ ಇಂಥಾ ಚೀಟಿ ತಂದಿಲ್ಲ. ಅವರಿಗೆಲ್ಲಿ ಬರುತ್ತೆ ಈ ಕಾಯಿಲೆ? ನಿಮ್ಮ ಕೋಟು ಸುಳ್ಳು ಹೇಳಬಹುದು, ಡಾಕ್ಟರ ಚೀಟಿ ಹೇಳುತ್ತಾ?”

ಹೆಸರಿನ ಮೇಲೆ ಕೆಂಪು ಗೆರೆ ಬಿತ್ತು. ಮಗಳ ಕಾಯಿಲೆಯನ್ನು ಕೊನೆಗೂ ಒಬ್ಬರು ಪೂರ್ತಿಯಾಗಿ ನಂಬಿದ್ದರು.